ಎರಡು ತಿಂಗಳ ಸಾಕ್ಷಿ

ಟೈಲರಕ್ಕನ ದೊಡ್ಡ ಕತ್ತರಿ ಕಾಣೆಯಾದದ್ದು ಬೆಳಿಗ್ಗೆ ಗೊತ್ತಾಯಿತು. ದಪ್ಪ ಬಟ್ಟೆಗೆಂದೇ ಇಟ್ಟ ಕತ್ತರಿ ಅದು, ಅಪರೂಪಕ್ಕೆ ಹೊರಗೆ ಬರುತ್ತಿತ್ತು. ಅವಳ ಗಂಡ ಒಮ್ಮೆ ಅದರಲ್ಲಿ ಹಾಲಿನ ಪ್ಯಾಕೆಟ್ಟು ಕತ್ತರಿಸಿದ್ದಕ್ಕೆ ಅವಳು ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಆ ಮೂರು ದಿನಗಳ ನೆಮ್ಮದಿಯನ್ನು ಗಂಡ ಈಗಲೂ ನೆನೆಯುತ್ತಾನೆ. ಈ ದಿನ ಪರದೆ ಬಟ್ಟೆ ಹರಡಿಕೊಂಡು ಕೈ ಚಾಚಿದರೆ ಕತ್ತರಿ ಇಲ್ಲ. ಅವಳು ನೇರವಾಗಿ ಪಕ್ಕದ ಪಂಪ್ ರಿಪೇರಿಯವನ ಮನೆಗೆ ಬಂದಳು. ಹಿಂದೆಯೇ ಎದುರು ಮನೆಯ ರಿಟೈರ್ಡ್ ಕಂಡಕ್ಟರು. ಯಾರ ಮನೆಯಲ್ಲಿ ಏನು ಕಳೆದರೂ ಅವರು ಬರುತ್ತಿದ್ದರು.

ಪಂಪಿನವನ ಹೆಂಡತಿ ಜಗಲಿಯ ಚಾಪೆಯ ಮೇಲೆ ಎರಡು ತಿಂಗಳ ಮಗನನ್ನು ಅಂಗಾತ ಮಲಗಿಸಿ ಬಟ್ಟೆ ಮಡಚುತ್ತಿದ್ದಳು.

“ನನ್ನ ದೊಡ್ಡ ಕತ್ತರಿ ಯಾರು ತಗೊಂಡ್ರೋ ಗೊತ್ತಿಲ್ಲವಲ್ಲೇ!” ಎಂದಳು ಟೈಲರಕ್ಕ.

ಸರಿಯಾಗಿ ಅದೇ ಗಳಿಗೆಗೆ ಪಂಪಿನವನು ಒಳಗಿನಿಂದ ಜಗಲಿಯ ಬಲಬಾಗಿಲಿಗೆ ಬಂದ. ಅವನ ಸೊಂಟದಲ್ಲಿ ಇಪ್ಪತ್ತಮೂರು ಬೀಗದ ಕೈಗಳು. ಸುತ್ತಲಿನ ಹೊಲಗಳವರು, ಮೋಟಾರು ಕೆಟ್ಟರೆ ಅವನೇ ತೆಗೆದು ಸರಿಮಾಡಿ ಬೀಗ ಹಾಕಿ ಬರಲಿ ಎಂದು ತಮ್ಮ ಪಂಪ್‌ಮನೆಯ ಕೈಗಳನ್ನು ಅವನಿಗೇ ಒಪ್ಪಿಸಿದ್ದರು. ಹನ್ನೆರಡು ವರ್ಷ ಗಳಿಸಿದ ಒಳ್ಳೆಯ ಹೆಸರು ಹೀಗೆ ಝಣಝಣ ಎನ್ನುತ್ತ ಅವನ ಜೊತೆಗೇ ಓಡಾಡುತ್ತಿತ್ತು.

ಮಗು ಬಲಕ್ಕೆ ಕತ್ತು ಹೊರಳಿಸಿತು. ಅದರ ಬಲಗೈ ನೆಟ್ಟಗೆ ಅಪ್ಪನತ್ತ ಚಾಚಿತು. ಎಡಗೈ ಮಡಚಿ ಕಿವಿಯ ಹತ್ತಿರ ಹೋಯಿತು. ಬಿಲ್ಲಿಗೆ ಬಾಣ ಹೂಡಿ ಗುರಿ ಇಟ್ಟ ಹಾಗೆ.

ಮೂವರೂ ಆ ಕೈಯನ್ನು ನೋಡಿದರು. ಆಮೇಲೆ ಪಂಪಿನವನನ್ನು ನೋಡಿದರು.

“ನೀನು ಒಂಚೂರು ಆ ಕಡೆ ಹೋಗಿ ನಿಂತ್ಕೋಪ್ಪ,” ಎಂದರು ಕಂಡಕ್ಟರು.

ಪಂಪಿನವನು ಪಾಪ, ಏನೂ ತಿಳಿಯದೆ ಎಡಬಾಗಿಲಿಗೆ ನಡೆದ. ಝಣಝಣ. ಮಗು ಎಡಕ್ಕೆ ಹೊರಳಿತು. ಈ ಸಲ ಎಡಗೈ ಚಾಚಿತು.

“ಎರಡೂ ಕೈಯಲ್ಲಿ ತೋರಿಸ್ತು!” ಟೈಲರಕ್ಕನ ಕಣ್ಣು ದೊಡ್ಡದಾಯಿತು.

“ಮೂವತ್ತು ವರ್ಷ ಬಸ್ಸಲ್ಲಿ ಟಿಕೆಟ್ ಇಲ್ಲದವರನ್ನ ಹಿಡಿದಿದೀನಿ,” ಎಂದರು ಕಂಡಕ್ಟರು. “ಎಷ್ಟೋ ಸಲ ತಪ್ಪಿದೀನಿ. ಇಷ್ಟು ಖಡಾಖಂಡಿತವಾಗಿ ನಾನೂ ಯಾರನ್ನೂ ತೋರಿಸಿರಲಿಲ್ಲ.”

“ಮಾವಾ, ಏನು ಹೇಳ್ತಿದೀರಿ? ಅದಕ್ಕೆ ಕತ್ತರಿ ಅಂದ್ರೇನು ಗೊತ್ತು?” ಎಂದ ಪಂಪಿನವನು.

“ಕತ್ತರಿ ಗೊತ್ತಿಲ್ಲದಿರಬಹುದು. ಅಪ್ಪ ಗೊತ್ತಲ್ಲ?”

ಪಂಪಿನವನು ಹೆಂಡತಿಯ ಮುಖ ನೋಡಿದ. ಅವಳು ಮೆಲ್ಲಗೆ, “ರೀ, ತಗೊಂಡಿದ್ರೆ ಕೊಟ್ಬಿಡ್ರೀ,” ಎಂದಳು.

“ನೀನೂನಾ?” ಎಂದ ಅವನು. ರಿಪೇರಿ ಚೀಲ ಹೆಗಲಿಗೆ ಹಾಕಿಕೊಂಡು ಹೊಲದ ದಾರಿ ಹಿಡಿದ.

ಸುದ್ದಿ ಅವನಿಗಿಂತ ಮುಂಚೆ ಹೊಲ ತಲುಪಿತ್ತು. ಹತ್ತು ಗಂಟೆಗೆ ಮೊದಲನೆಯವನು ಎದುರಾದ. “ಏನಿಲ್ಲಪ್ಪಾ, ನಮ್ಮ ಭಾವ ಬಂದಿದಾನೆ. ಪಂಪ್‌ಮನೆ ಒಳಗೆ ಹೇಗಿದೆ ನೋಡ್ಬೇಕಂತೆ,” ಎಂದು ಬೀಗದ ಕೈ ಇಸಿದುಕೊಂಡ. ಎರಡನೆಯವನ ಮನೆಗೂ ಭಾವ ಬಂದಿದ್ದ. ಮೂರನೆಯವನಿಗೆ ಅಕ್ಕತಂಗಿಯರೇ ಇರಲಿಲ್ಲ, ಹೆಂಡತಿಗೆ ಅಣ್ಣತಮ್ಮಂದಿರೂ ಇರಲಿಲ್ಲ; ಅವನು ಒಂದಿಷ್ಟು ಹೊತ್ತು ಯೋಚಿಸಿ, “ಕೈಗೆ ಎಣ್ಣೆ ಹಚ್ಚಬೇಕು,” ಎಂದ. ಮಧ್ಯಾಹ್ನದ ಹೊತ್ತಿಗೆ ಸೊಂಟದಲ್ಲಿ ನಾಲ್ಕು ಕೈ ಉಳಿದವು. ಅದರಲ್ಲಿ ಒಂದರ ಬೀಗ ಹೋದ ವರ್ಷವೇ ಒಡೆದಿತ್ತು.

ಊಟಕ್ಕೆ ಮನೆಗೆ ಬಂದರೆ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಬಕೆಟ್ಟು ಕಳಕೊಂಡವಳಿಗೆ ಮಗು ಬಾವಿಯ ಕಡೆ ಕೈ ತೋರಿಸಿತಂತೆ, ಬಕೆಟ್ಟು ಅಲ್ಲೇ ಸಿಕ್ಕಿತಂತೆ. ಬಕೆಟ್ಟು ಬಾವಿಯ ಹತ್ತಿರವಲ್ಲದೆ ಇನ್ನೆಲ್ಲಿರುತ್ತದೆ ಎಂದು ಕೇಳುವವರು ಯಾರೂ ಇರಲಿಲ್ಲ. ಕೋಳಿ ಕಳಕೊಂಡವರು, ಟಾರ್ಚು ಕಳಕೊಂಡವರು ಸಾಲಾಗಿ ನಿಂತಿದ್ದರು. ಕಂಡಕ್ಟರು ಹಳೆಯ ಉತ್ಸಾಹದಲ್ಲಿ, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ,” ಎನ್ನುತ್ತಿದ್ದರು.

ಎರಡು ಗಂಟೆಗೆ ಫಿಸಿಯೋ ಮೇಡಂ ಬಂದರು. ಮಗು ದಿನ ತುಂಬುವ ಮೂರು ವಾರ ಮುಂಚೆಯೇ ಹುಟ್ಟಿದ್ದರಿಂದ ಅದರ ಕೈಕಾಲು, ಕತ್ತು ಸರಿಯಾಗಿ ಬಲಿಯುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡಲು ಬರುವವರು. ಬಿಸಿಲಿಗೆ ತಲೆಯ ಮೇಲೆ ಫೈಲು ಹಿಡಿದಿದ್ದರು. “ನನ್ನ ನೀಲಿ ಛತ್ರಿ ಹೋದ ತಿಂಗಳಿಂದ ಕಾಣ್ತಿಲ್ಲ,” ಎಂದು ಬೆವರು ಒರೆಸಿಕೊಂಡರು.

ಪಂಪಿನವನು ಓಡಿ ಹೋಗಿ, “ಮೇಡಂ, ನನ್ನ ಮಾನ ನಿಮ್ಮ ಕೈಲಿದೆ,” ಎಂದು ನಡೆದದ್ದೆಲ್ಲ ಹೇಳಿದ.

ಮೇಡಂ ನಗಲಿಲ್ಲ, ಆದರೆ ತುಟಿ ಕಚ್ಚಿಕೊಂಡರು. “ಎಲ್ಲರ ಎದುರಿಗೇ ನೋಡೋಣ. ಈಗ ಮಲಗಿದೆ. ನಿದ್ದೇಲಿ, ಹಸಿವಲ್ಲಿ, ಅಳುವಾಗ ನೋಡಿದ್ರೆ ಸರಿಯಾಗಿ ಗೊತ್ತಾಗಲ್ಲ. ತಾನಾಗೇ ಎದ್ದು ಸುಮ್ಮನೆ ಕಣ್ಣು ಬಿಡಬೇಕು. ಯಾರೂ ಮಾತಾಡ್ಬೇಡಿ.”

ಕಂಡಕ್ಟರು ಅರ್ಧ ಗಂಟೆ ಮಾತಾಡದೆ ಕೂತರು. ಅದನ್ನು ನೋಡಲೆಂದೇ ಇನ್ನಷ್ಟು ಜನ ಬಂದರು.

ಮಗು ಎದ್ದಿತು. ಮೇಡಂ ಅದರ ಅಂಗೈಗೆ ಕಂಡಕ್ಟರ ಬೆರಳು ಇಡಿಸಿದರು. ಮುಷ್ಟಿ ಗಬಕ್ಕನೆ ಮುಚ್ಚಿತು. “ಬಿಡ್ತಿಲ್ಲವಲ್ಲಾ!” ಎಂದರು ಕಂಡಕ್ಟರು. ಮೇಡಂ ಮುಷ್ಟಿಯ ಹಿಂಬದಿಯನ್ನು ಮೆಲ್ಲಗೆ ಸವರಿದರು, ಮುಷ್ಟಿ ಬಿಚ್ಚಿತು. ಆಮೇಲೆ ತಲೆಯ ಕೆಳಗೆ ಅಂಗೈ ಇಟ್ಟು ಒಂದಿಷ್ಟು ಎತ್ತಿ, ಅಂಗೈಯ ಸಮೇತ ಒಂದಂಗುಲ ಸರಕ್ಕನೆ ಇಳಿಸಿದರು. ಮಗು ಬೆಚ್ಚಿ ಎರಡೂ ಕೈ ಅಗಲಿಸಿ, ಯಾರನ್ನೋ ತಬ್ಬಿಕೊಳ್ಳುವಂತೆ ಮತ್ತೆ ಕೂಡಿಸಿತು. ಟೈಲರಕ್ಕನೂ “ಅಯ್ಯೋ!” ಎಂದು ಥೇಟ್ ಹಾಗೆಯೇ ಕೈ ಅಗಲಿಸಿ, ಹತ್ತಿರ ನಿಂತಿದ್ದ ತನ್ನ ಗಂಡನನ್ನು ತಬ್ಬಿದಳು.

“ಇವೆಲ್ಲ ಮಗು ಯೋಚನೆ ಮಾಡಿ ಮಾಡೋದಲ್ಲ, ತಾನಾಗೇ ಆಗೋದು,” ಎಂದರು ಮೇಡಂ. “ಕೈ ಚಾಚೋದೂ ಅಷ್ಟೆ. ಮುಖ ಯಾವ ಕಡೆ ತಿರುಗುತ್ತೋ ಆ ಕಡೆ ಕೈ ನೆಟ್ಟಗಾಗುತ್ತೆ, ಇನ್ನೊಂದು ಮಡಚುತ್ತೆ. ಈ ವಯಸ್ಸಿಗೆ ಇದು ಇರಬೇಕು. ಇನ್ನು ಮೂರ್ನಾಲ್ಕು ತಿಂಗಳಿಗೆ ಹೋಗಬೇಕು. ಬೆಳಿಗ್ಗೆ ಅಪ್ಪನ ಕಡೆ ಯಾಕೆ ತಿರುಗ್ತು? ಸ್ವಲ್ಪ ಸೊಂಟ ಅಲ್ಲಾಡಿಸ್ರಿ.”

ಅವನು ಅಲ್ಲಾಡಿಸಿದ. ನಾಲ್ಕು ಕೈಗಳು ಬಡವಾಗಿ ಸದ್ದು ಮಾಡಿದವು. ಮಗು ಅವನತ್ತ ಹೊರಳಿತು.

“ಈಗ ನೋಡಿ,” ಎಂದು ಮೇಡಂ ಮಗುವಿನ ಮುಖವನ್ನು ನಿಧಾನವಾಗಿ ಕಂಡಕ್ಟರ ಕಡೆ ತಿರುಗಿಸಿ ಹಿಡಿದರು. ಕೈ ನೆಟ್ಟಗೆ ಅವರ ಕಡೆ ಚಾಚಿತು. “ಹಾಗಾದ್ರೆ ಕತ್ತರಿ ಇವರ ಹತ್ರ ಇದೆಯಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕಂಡಕ್ಟರು ಎರಡೂ ಜೇಬು ಮುಟ್ಟಿ ನೋಡಿಕೊಂಡರು. ಜಗಲಿಯೆಲ್ಲ ನಗೆ ಎದ್ದಿತು.

“ತಪ್ಪಾಯ್ತು ಕಣೋ ತಮ್ಮಾ,” ಎಂದಳು ಟೈಲರಕ್ಕ. ಭಾವ ಬಂದಿದ್ದವರೆಲ್ಲ ಒಬ್ಬೊಬ್ಬರಾಗಿ, ಭಾವ ಹೊರಟುಹೋದ ಎನ್ನುತ್ತ ಕೈಗಳನ್ನು ವಾಪಸು ತಂದುಕೊಟ್ಟರು. ಹತ್ತೊಂಬತ್ತೂ ಬಂದವು. ಎಣ್ಣೆಯ ನೆಪ ಹೇಳಿದವನು ನಿಜವಾಗಿಯೂ ಎಣ್ಣೆ ಹಚ್ಚಿ ತಂದಿದ್ದ. ಪಂಪಿನವನ ಕಣ್ಣು ತುಂಬಿಬಂತು.

“ಇನ್ನೊಂದು ಪಕ್ಕನೂ ನೋಡಿಬಿಡ್ತೀನಿ. ಎರಡು ಕಡೆಯೂ ಒಂದೇ ಥರ ಇರಬೇಕು,” ಎಂದು ಮೇಡಂ ಮಗುವಿನ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಪುಟ್ಟ ಕೈ ಮೂಲೆಯತ್ತ ಚಾಚಿತು. ಅಲ್ಲಿ ರಿಪೇರಿಗೆ ಬಂದ ಒಂದು ಹಳೇ ಮೋಟಾರಿತ್ತು. ಅದರ ಹಿಂದಿನಿಂದ ಬಟ್ಟೆಯ ಗಂಟೊಂದು ಕಿವಿ ಹೊರಗೆ ಹಾಕಿತ್ತು.

“ಅದೇನ್ರೀ ಗಂಟು?” ಎಂದಳು ಹೆಂಡತಿ.

ಪಂಪಿನವನಿಗೆ ಆಗ ನೆನಪಾಯಿತು. ನೆನಪಾದದ್ದು ಮುಖದಲ್ಲೂ ಕಂಡಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರು ಗಂಟು ಬಿಚ್ಚಿದ್ದರು. ಹಳೇ ದಪ್ಪ ಹೊದಿಕೆಯ ಮೆತ್ತಗಿನ ತುಂಡುಗಳು, ನಡುವೆ ದೊಡ್ಡ ಕತ್ತರಿ.

ಪಂಪಿನವನು ಇಪ್ಪತ್ತಮೂರು ಕೈಗಳನ್ನೂ ಎರಡೂ ಅಂಗೈಯಿಂದ ಮುಚ್ಚಿ ಹಿಡಿದುಕೊಂಡ.

ಕೊನೆಗೆ ಟೈಲರಕ್ಕನೇ ಕೆಮ್ಮಿದಳು. “ಇದು... ಮಗುವಿಗೆ ಬೇಕಾಗುತ್ತೆ ಅಂತ ನಾನೇ ಕತ್ತರಿಸಿ ಕಟ್ಟಿಕೊಟ್ಟ ಗಂಟು. ಹದಿನೈದು ದಿನ ಆಯ್ತು. ಕತ್ತರಿ ಒಳಗೇ ಉಳಿದಿರಬೇಕು.” ತಪ್ಪು ತನ್ನ ತಲೆಗೆ ಬರುವುದನ್ನು ಕಂಡು ತಕ್ಷಣ ಸ್ವರ ಏರಿಸಿದಳು: “ಅಲ್ಲಾ, ಹೆಂಡತಿ ಕೈಗೆ ಕೊಡು ಅಂತ ಕೊಟ್ಟರೆ ಇವನು ಮೋಟಾರಿಗೆ ಕೊಟ್ಟಿದಾನಲ್ಲ!”

“ಹದಿನೈದು ದಿನ!” ಎಂದಳು ಹೆಂಡತಿ. “ಬಟ್ಟೆ ಸಾಲದೆ ನನ್ನ ಒಳ್ಳೇ ಬೆಡ್‌ಶೀಟು ಹರಿದು ಹಾಕ್ತಿದೀನಿ ಕಣ್ರೀ! ಇವತ್ತಿಂದ ಮಗುವಿನ ಬಟ್ಟೆ ಒಗೆಯೋದು ನೀವೇ!”

“ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ,” ಎಂದರು ಕಂಡಕ್ಟರು ಮಗುವಿಗೆ ಕೈ ಮುಗಿದು. “ಮಗು ಯೋಚನೆ ಮಾಡಲ್ಲ. ಅದಕ್ಕೇ ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ.”

ಮೇಡಂ ಏನೋ ಹೇಳಹೊರಟು, ಕತ್ತರಿಯನ್ನು ನೋಡಿ ಫೈಲು ಬಿಚ್ಚಿದರು.

ಜನ ಚೆದುರಿದರು. ಪಂಪಿನವನು ಬಕೆಟ್ಟು ಹಿಡಿದು ಹಿತ್ತಲಿಗೆ ಹೋದ, ಹೆಂಡತಿ ನೀರು ಕಾಯಿಸಲು ಒಳಗೆ ಹೋದಳು. ಮೇಡಂ ಫೈಲಿನಲ್ಲಿ ಎಲ್ಲ ಸರಿಯಾಗಿದೆ ಎಂದು ಬರೆದು ಮುಚ್ಚಿದರು. ಮೂರು ಗಂಟೆಯ ಬಿಸಿಲು ಅಂಗಳದಲ್ಲಿ ಇನ್ನೂ ಉರಿಯುತ್ತಿತ್ತು. ಅವರು ಬಾಗಿಲು ನೋಡಿದರು, ಬೀದಿ ನೋಡಿದರು. ಆಮೇಲೆ ಮಗುವಿನ ಮೇಲೆ ಬಗ್ಗಿ, ತಮಗೇ ಕೇಳಿಸದಷ್ಟು ಮೆಲ್ಲಗೆ, “ಪುಟ್ಟಾ, ನನ್ನ ನೀಲಿ ಛತ್ರಿ...” ಎಂದರು.

ಹಿತ್ತಲ ಬಾಗಿಲಲ್ಲಿ ಝಣಝಣ ಎಂದಿತು. ಸೋಪು ಮರೆತಿದ್ದ ಪಂಪಿನವನು ಬಕೆಟ್ಟಿನ ಸಮೇತ ವಾಪಸು ಬಂದಿದ್ದ.

ಮಗು ಕತ್ತು ಹೊರಳಿಸಿತು. ಕೈ ನೆಟ್ಟಗೆ ಚಾಚಿತು.

ಮೇಡಂ ನಿಧಾನವಾಗಿ ತಲೆ ಎತ್ತಿದರು. “ಹೋದ ತಿಂಗಳು ನನ್ನನ್ನ ಬಸ್‌ಸ್ಟಾಪಿನ ತನಕ ಬಿಟ್ಟುಬಂದದ್ದು ನೀವೇ ಅಲ್ವಾ?”

ಪಂಪಿನವನು ಮಗನ ಕೈಯನ್ನು ನೋಡಿದ. ಬಕೆಟ್ಟನ್ನು ಕೆಳಗಿಟ್ಟು, ಹಳೇ ಮೋಟಾರಿನ ಹಿಂದೆ ಇಣುಕಿ ನೋಡಲು ಹೋದ.