ಮೇಜಿನ ಕೆಳಗೆ ಹಿಡಿಸದ ಕ್ಯಾಬಿನೆಟ್ಟಿಗೆ

ಮಾನ್ಯ ಕಂಪ್ಯೂಟರ್ ಕ್ಯಾಬಿನೆಟ್ ಮಹಾಶಯರೇ,

ತಮ್ಮ ಗಾಜಿನ ಪಕ್ಕೆ ಬಿರುಕು ಬಿಡದೆ, ರಬ್ಬರಿನ ಪಾದಗಳು ಸವೆಯದೆ, ತಾವು ನಮ್ಮ ಮನೆಯಲ್ಲಿ ಪರಮ ಕ್ಷೇಮದಿಂದಿದ್ದೀರೆಂಬುದು ನಾನು ತಮ್ಮನ್ನು ಎಡವಿದಾಗಲೆಲ್ಲ ಖಚಿತವಾಗುತ್ತಿದೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸುವ ಪೈಕಿಯಲ್ಲವಾದ್ದರಿಂದ ನಾನೇ ಅರಿಕೆ ಮಾಡಿಕೊಳ್ಳುತ್ತೇನೆ: ನನ್ನ ಬಲಗಾಲಿನ ಕಿರುಬೆರಳೊಂದನ್ನು ಬಿಟ್ಟು ಮಿಕ್ಕವರೆಲ್ಲ ಚೆನ್ನಾಗಿದ್ದೇವೆ.

ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ನನ್ನ ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆಗಳೂ, ಬಟ್ಟೆ ಕತ್ತರಿಸುವ ನಕ್ಷೆಗಳೂ, ಜೊತೆಗೆ ಮನೆಮಂದಿಯ ಅಷ್ಟೂ ಫೋಟೋಗಳೂ ಅತ್ತೆಯ ಕೋಣೆಯಲ್ಲಿರುವ ಹಳೆಯ ಕಂಪ್ಯೂಟರಿನ ಒಂದೇ ಒಂದು ಡಿಸ್ಕಿನಲ್ಲಿದ್ದವು. ಆ ಡಿಸ್ಕು ಟಿಕ್ ಟಿಕ್ ಎಂದು ಹಲ್ಲು ಕಡಿಯಲು ತೊಡಗಿದ್ದು ಬೇಸಿಗೆಯಲ್ಲಿ. ಅದು ಕಣ್ಣು ಮುಚ್ಚಿದರೆ ನನ್ನ ಕಸುಬೇ ಮಣ್ಣುಪಾಲು ಎಂದು ನಾನು ಗೋಗರೆದಾಗ, ನಮ್ಮ ಯಜಮಾನರು, "ಹೆದರ್ಬೇಡ, ಬಿಡಿಭಾಗ ತಂದು ನಾನೇ ಮನೇಲಿ ಹೊಸದು ಕಟ್ತೀನಿ" ಎಂದು ಎದೆ ತಟ್ಟಿಕೊಂಡರು. ಇವರು ಅಗ್ನಿಶಾಮಕ ಠಾಣೆಯ ಚಾಲಕರು. ಗಂಟೆ ಬಾರಿಸಿದರೆ ಬೇರೆಯವರು ಬೂಟು ಹುಡುಕುವಷ್ಟರಲ್ಲಿ ಕೆಂಪು ಲಾರಿಯನ್ನು ಬೀದಿಗೆ ತಂದು ನಿಲ್ಲಿಸುವವರು. ಅದನ್ನು ನಂಬಿ ನಾನು ಕೆಟ್ಟೆ.

ಆಮೇಲೆ ಶುರುವಾಯಿತು ನೋಡಿ ಯೋಜನೆ. ಕೆಲಸಕ್ಕೊಂದು ವೇಗದ ಡಿಸ್ಕು, ಫೋಟೋಗಳಿಗೊಂದು ದೊಡ್ಡ ಡಿಸ್ಕು, ಅವೆರಡರ ನಕಲಿಗೆ ಮತ್ತೊಂದು, ಮನೆಗೆ ಬೆಂಕಿ ಬಿದ್ದೀತೆಂದು ನನ್ನ ತಂಗಿಯ ಮನೆಯಲ್ಲಿ ಇನ್ನೊಂದು. ಬೆಂಕಿ ಬಿದ್ದರೆ ಆರಿಸುವವರು ಮನೆಯಲ್ಲೇ ಇದ್ದಾರಲ್ಲ ಎಂದದ್ದಕ್ಕೆ ಯಜಮಾನರು ಅಂದು ಊಟದ ತನಕ ಮುಖ ಊದಿಸಿಕೊಂಡಿದ್ದರು. ನಮ್ಮ ಮಗಳೋ, "ಅರ್ಧ ಜಾಗ ನಂಗೇ, ಈಗ್ಲೇ ಹೇಳ್ಬಿಟ್ಟಿದೀನಿ" ಎಂದು, ಇನ್ನೂ ಅಂಗಡಿಯಿಂದಲೇ ಬಾರದ ಡಿಸ್ಕಿನಲ್ಲಿ ಆಸ್ತಿ ಪಾಲು ಕೇಳಿದಳು. ಆ ಪಾಲಿನ ಸಲುವಾಗಿ ತಾಯಿ ಮಗಳು ಎರಡು ದಿನ ಮಾತು ಬಿಟ್ಟೆವು. ಯಜಮಾನರ ಪಟ್ಟಿಯಲ್ಲಿ ವಾರಕ್ಕೊಮ್ಮೆ ಪ್ರೊಸೆಸರ್ ಬದಲಾಯಿತು, ಬೋರ್ಡ್ ಬದಲಾಯಿತು, "ಮುಂದಿನ ತಿಂಗಳು ಇನ್ನೂ ಒಳ್ಳೇದು ಬರತ್ತಂತೆ" ಎಂಬ ಮಾತು ಮಾತ್ರ ಬದಲಾಗಲಿಲ್ಲ. ಅತ್ತೆ ಒಬ್ಬರೇ ಏನನ್ನೂ ಬಯಸಲಿಲ್ಲ. "ಅದನ್ನ ಎಲ್ಲಿಡ್ತೀಯೋ?" ಎಂದು ಮಗನನ್ನು ಒಮ್ಮೆ ಕೇಳಿದರು, ಮಗ "ನೋಡೋಣಮ್ಮ" ಎಂದರು, ಅಷ್ಟೆ.

ಇಷ್ಟು ಬದಲಾವಣೆಗಳ ನಡುವೆ ಅಚಲವಾಗಿ ಉಳಿದವರು ತಾವೊಬ್ಬರೇ. ಅಂಗಡಿಯವನು ಅಂಗೈ ಅಗಲದ ಚೆಂದದ ಪೆಟ್ಟಿಗೆಗಳನ್ನು ತೋರಿಸಿ, "ಈಗಿನ ಡಿಸ್ಕು ಬೋರ್ಡ್ ಮೇಲೇ ಕೂತ್ಕೊಳತ್ತೆ ಸಾರ್, ಆ ಹಳೇ ಕಾಲದ ದಪ್ಪ ಡಿಸ್ಕಿಗೆ ಯಾರು ಸಾರ್ ಖಾನೆ ಕೇಳ್ತಾರೆ?" ಎಂದು ಅಂಗಲಾಚಿದರೂ ನಮ್ಮವರು ಪಟ್ಟು ಬಿಡಲಿಲ್ಲ. ದಪ್ಪ ಖಾನೆ ಇರಲೇಬೇಕಂತೆ. ಕೊನೆಗೆ ಗೋದಾಮಿನ ಮೂಲೆಯಿಂದ, ಧೂಳು ಕೊಡವಿ, ಇಬ್ಬರು ಹೊತ್ತು ತಂದದ್ದು ತಮ್ಮನ್ನು. ಅಬ್ಬಾ, ಎಂಥ ಆಕಾರ! ಮೇಜಿನ ಕೆಳಗೆ ಹಿಡಿಸುವುದು ತಮ್ಮ ಘನತೆಗೆ ಕಡಿಮೆಯೆಂದು ಮೇಜಿನ ನಾಲ್ಕೂ ಕಾಲಿಗೆ ಇಟ್ಟಿಗೆ ಕೊಟ್ಟೆವು, ಆಗಲೂ ತಾವು ತಲೆ ಬಗ್ಗಿಸಲಿಲ್ಲ. ಹೊಟ್ಟೆಯೊಳಗೆ ಒಂದು ತಂತಿಯೂ ಇಲ್ಲದೆ ನಡುಮನೆಯಲ್ಲಿ ತಾವು ತಿಂಗಳುಗಟ್ಟಲೆ ಕೂತಿದ್ದಾಗ, ನನ್ನ ಗುಂಡಿಗಳ ಡಬ್ಬಿ, ಅತ್ತೆಯ ಹಳೆಯ ಕನ್ನಡಕ, ಎಲ್ಲಕ್ಕೂ ಮಿಗಿಲಾಗಿ ನಮ್ಮ ಮನೆಯ ಛತ್ರಿಗೆ ಆಶ್ರಯ ಕೊಟ್ಟ ತಮ್ಮ ಔದಾರ್ಯವನ್ನು ಮರೆಯಲಾರೆ. ಗಾಜಿನೊಳಗೆ ಛತ್ರಿ ಕಂಡು ಗಿರಾಕಿಯೊಬ್ಬಳು "ಇದು ಮೀನಿನ ತೊಟ್ಟೀನಾ?" ಎಂದಾಗ ತಮ್ಮ ಪರವಾಗಿ ನಾನೇ ನಾಚಿಕೊಂಡೆ.

ಆ ದಿನಗಳಲ್ಲಿ ಈ ದೂರನ್ನು ಬರೆಯಲು ಕೂತಿದ್ದರೆ ತಮ್ಮಲ್ಲಿ ಹೀಗೆ ಬೇಡಿಕೊಳ್ಳುತ್ತಿದ್ದೆ: ದಯವಿಟ್ಟು ತಾವು ಒಂದು ಗೇಣು ಕುಗ್ಗಬೇಕು, ಸಾಧ್ಯವಾಗದಿದ್ದರೆ ಬಿಡಿಭಾಗಗಳನ್ನು ತಾವೇ ಹೋಗಿ ತಂದುಕೊಳ್ಳಬೇಕು, ಅದೂ ಆಗದಿದ್ದರೆ ಠಾಣೆಯ ಗಂಟೆಯಂತೆ ಬಾರಿಸಿ ನಮ್ಮ ಯಜಮಾನರನ್ನು ಕುರ್ಚಿಯಿಂದ ಎಬ್ಬಿಸಬೇಕು.

ಬರೆಯುವ ಮೊದಲೇ ಡಿಸ್ಕು ನಿಂತುಬಿಟ್ಟಿತು. ಮಧ್ಯಾಹ್ನ ಒಂದು ಕೋಟಿನ ನಕ್ಷೆ ತೆರೆದಿದ್ದೆ, ಪರದೆ ಕಪ್ಪಾಯಿತು, ನಾನು ಬೀದಿಗೆ ಕೇಳುವಂತೆ ಕಿರುಚಿದೆ. ಯಜಮಾನರು ಓಡಿಬಂದು ಸ್ಕ್ರೂಡ್ರೈವರ್ ಹಿಡಿದು ಹಳೆಯ ಪೆಟ್ಟಿಗೆಯ ಮುಂದೆ ಕೂತರು, ಕೂತವರು ಹಾಗೇ ಕೂತರು. ಉರಿಯುವ ಮನೆಯ ಮುಂದೆ ಲಾರಿ ನುಗ್ಗಿಸುವವರು ಒಂದು ತಿರುಪಿನ ಮೇಲೆ ಸ್ಕ್ರೂಡ್ರೈವರ್ ಇಡುವುದು, ತೆಗೆಯುವುದು, ಇಷ್ಟೇ ಮಾಡುತ್ತಿದ್ದರು. ಕೊನೆಗೆ ಮಗಳೇ ಬಿಚ್ಚಿದಳು. ಒಳಗೆ ಡಿಸ್ಕನ್ನು ಯಾರೂ ತಿರುಪು ಹಾಕಿ ಕೂರಿಸಿರಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ತೊಟ್ಟಿಲಿನ ಹಾಗೆ ಕಟ್ಟಿ ತೂಗುಹಾಕಿತ್ತು.

ಆಗ ನನಗೆ ನೆನಪಾಯಿತು. ಆ ಕಂಪ್ಯೂಟರ್ ಕಟ್ಟಿದ್ದು ನಮ್ಮ ಭಾವ, ಯಜಮಾನರ ಅಣ್ಣ. ಸೈಕಲ್ ಅಂಗಡಿ ಇಟ್ಟುಕೊಂಡಿದ್ದರು. ಡಿಸ್ಕಿನ ಗುಂಯ್ ಸದ್ದು ಪೆಟ್ಟಿಗೆಗೆ ತಾಗಿ ಅಮ್ಮನ ನಿದ್ದೆ ಕೆಡಬಾರದೆಂದು ಹೀಗೆ ಕಟ್ಟಿದ್ದರು. ಅವರು ತೀರಿಹೋಗಿ ಮೂರು ವರ್ಷವಾಯಿತು, ಅಂಗಡಿ ಬೇರೆಯವರದಾಯಿತು, ಅವರ ಕೈ ಹಾಕಿದ ಗಂಟು ನಮ್ಮ ಮನೆಯಲ್ಲಿ ಉಳಿದಿದ್ದು ಅದೊಂದೇ. ಅತ್ತೆ ಮಂಚದಿಂದ ಇಳಿದು ಬಂದು ಮಗನ ಹೆಗಲ ಮೇಲೆ ಕೈಯಿಟ್ಟು, "ಬಿಚ್ಚೋ, ಪರ್ವಾಗಿಲ್ಲ. ಮತ್ತೆ ಕಟ್ಟಿದ್ರಾಯ್ತು" ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಡಿಸ್ಕು ಸತ್ತಿರಲಿಲ್ಲ, ವೈರು ಸಡಿಲವಾಗಿತ್ತು. ಅದು ಕುಂಟುತ್ತ ಕುಂಟುತ್ತ ಉಸಿರಾಡಿದ ಅಷ್ಟು ಹೊತ್ತೂ ನಾವು ನಾಲ್ವರೂ ಸುತ್ತ ಕೂತು, ಪಕ್ಕದ ಮನೆಯಿಂದ ಎರವಲು ತಂದ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿಕೊಂಡೆವು. ಕೊನೆಯ ಫೋಟೋ ಬಂದ ಮೇಲೆ ಅದು ಮತ್ತೆ ಏಳಲಿಲ್ಲ. ಮಾರನೆಯ ದಿನ ಯಜಮಾನರು ಠಾಣೆಯ ತಮ್ಮ ಬೀರುವಿನಿಂದ ಬೋರ್ಡು, ಪ್ರೊಸೆಸರ್, ಡಿಸ್ಕುಗಳು, ಎಲ್ಲವನ್ನೂ ತಂದು ಮೇಜಿನ ಮೇಲಿಟ್ಟರು. ಎಂದೋ ಕೊಂಡಿದ್ದರಂತೆ! ಪುಣ್ಯಾತ್ಮ ಪೊಟ್ಟಣ ಕೂಡ ಒಡೆದಿರಲಿಲ್ಲ. "ಇದನ್ನ ಕಟ್ಟಿದ್ರೆ ಅಣ್ಣ ಕಟ್ಟಿದ್ದನ್ನ ಆರಿಸ್ಬೇಕಾಗತ್ತಲ್ಲ" ಎಂದರು, ಛತ್ರಿಯನ್ನು ಹೊರಗೆ ತೆಗೆದು ಕಟ್ಟಲು ಕೂತರು.

ಮಹಾಶಯರೇ, ತಮ್ಮ ಆ ದಪ್ಪ ಖಾನೆ ಯಾರಿಗೆಂದು, ಅತ್ತೆ ಅಂದು "ಎಲ್ಲಿಡ್ತೀಯೋ" ಎಂದು ಕೇಳಿದ್ದು ಯಾವುದನ್ನೆಂದು ನನಗೆ ಈಗ ಗೊತ್ತಾಗಿದೆ. ಅದೇ ಟ್ಯೂಬಿನ ಪಟ್ಟಿಗಳಲ್ಲಿ, ಅಣ್ಣ ಹಾಕಿದ್ದಂತೆಯೇ ಗಂಟು ಹಾಕಿ, ಯಾವ ವೈರೂ ಇಲ್ಲದೆ, ಆ ಹಳೆಯ ಡಿಸ್ಕನ್ನು ನಮ್ಮವರು ಅಲ್ಲಿ ತೂಗುಹಾಕಿದ್ದಾರೆ. ಗಾಜಿನಿಂದ ಚೆನ್ನಾಗಿ ಕಾಣುತ್ತದೆ. ಮಗಳು ತನ್ನ ಪಾಲಿನ ಮಾತೆತ್ತಿಲ್ಲ. ಅತ್ತೆ ಮಾತ್ರ, "ಸದ್ದೇ ಇಲ್ವಲ್ಲೋ, ನಿದ್ದೆ ಹೇಗೋ ಬರತ್ತೆ?" ಎಂದು ದಿನಾ ತಕರಾರು ತೆಗೆಯುತ್ತಾರೆ. ಆದಕಾರಣ ಕುಗ್ಗಬೇಕೆಂಬ ಬೇಡಿಕೆಯನ್ನು ಹಿಂದಕ್ಕೆ ಪಡೆದಿದ್ದೇನೆ. ತಾವು ಇರುವಷ್ಟೇ ದೊಡ್ಡದಾಗಿರಿ.

ಕಿರುಬೆರಳಿನ ನೋವನ್ನು ನುಂಗಿಕೊಂಡು,
ತಮ್ಮ ವಿಶ್ವಾಸಿ,
ಅತ್ತೆಯ ಕೋಣೆಯ ದರ್ಜಿ

ಮರೆತ ಮಾತು: ಛತ್ರಿಯನ್ನು ಇನ್ನು ಎಲ್ಲಿಡಬೇಕೆಂದು ಯಾರೂ ಯೋಚಿಸಿರಲಿಲ್ಲ. ನಮ್ಮವರು ಪೆನ್ಸಿಲ್ಲು, ಅಳತೆಪಟ್ಟಿ ಹಿಡಿದು ಅದಕ್ಕೊಂದು ಯೋಜನೆ ಹಾಕಲು ಕೂತಿದ್ದಾರೆ. ಮುಂದಿನ ಮಳೆಗಾಲದವರೆಗೂ ನಾವು ನೆನೆಯುವುದು ಖಂಡಿತ.