ಎಪ್ಪತ್ತೆರಡನೇ ಲೆವೆಲ್ಲಿನ ಮತದಾರರು

ಬಂಡೆ ಲೈನಿನ ನಾನೂರ ಹನ್ನೆರಡು ಜನರನ್ನು ಮತದಾರರ ಪಟ್ಟಿ ಕಚೇರಿಯವರು ಜೀವಂತ ಹೂತುಹಾಕಿದರು. ಒಂದೇ ಸಹಿ, ಒಂದೇ ಮೊಹರು, ಏಳು ಸಾವಿರದ ಇನ್ನೂರು ಅಡಿ ಆಳ. ಹೂತವರ ಮೇಲೆ ಕೇಸಾಗಲಿಲ್ಲ. ಕೆಲಸವನ್ನು ಗಡುವಿಗೆ ಮೊದಲೇ ಮುಗಿಸಿದರೆಂದು ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು.

ಚಿನ್ನ ಇದೆ ಅಂತ ಆ ಊರು ಹುಟ್ಟಿತ್ತು. ಜನ ಇದ್ದಾರೆ ಅಂತ ಚುನಾವಣಾ ಕ್ಷೇತ್ರ ಹುಟ್ಟಿತ್ತು. 2001ರಲ್ಲಿ ಗಣಿ ಮುಚ್ಚಿತು, ಒಳಗೆ ನೀರು ತುಂಬಿತು, ಜನ ಬೆಳಗಿನ ರೈಲು ಹತ್ತಿ ಕೂಲಿಗೆ ಹೊರಟರು, ಕ್ಷೇತ್ರಕ್ಕೆ ಮಾತ್ರ ಏನೂ ಆಗಲಿಲ್ಲ. ಗಡಿ ಗೆರೆ ಎಳೆಯುವವರು ಬಂದಾಗಲೆಲ್ಲ ನಾಲ್ಕು ಹಳ್ಳಿಯನ್ನು ಬಂಗಾರಪೇಟೆ ಕಡೆ ತಳ್ಳುವರು, ಎರಡು ಬೀದಿಯನ್ನು ಈ ಕಡೆ ಎಳೆಯುವರು. ಈ ಎಳೆದಾಟದಲ್ಲಿ ಕೋರಮಂಡಲ್ ಬಡಾವಣೆ ಪಕ್ಕದ ಬಂಡೆ ಲೈನ್ ಎಂಬ ಗಣಿ ಕಾರ್ಮಿಕರ ಸಾಲುಮನೆಗಳ ಮತದಾರರ ಪಟ್ಟಿ ಎಲ್ಲೋ ಬಿದ್ದುಹೋಯಿತು. ಹೊಸದು ಮಾಡಲು ಹತ್ತು ದಿನ ಗಡುವು. ಮನೆಮನೆಗೆ ಹೋಗಿ ಬರೆಯೋಣವೆಂದರೆ ಹೊರಗೆ ಬಿಸಿಲು. ಪಟ್ಟಿ ಅಧಿಕಾರಿ ಕಾಂತರಾಜ್ ಬೀರು ತಡಕಾಡಿದರು. ಗಣಿಯ ಹಳೇ ಶಿಫ್ಟ್ ರಿಜಿಸ್ಟರ್ ಸಿಕ್ಕಿತು.

ಅದರಲ್ಲಿ ಎಲ್ಲ ಇತ್ತು. ಕೆಲಸಗಾರನ ಹೆಸರು, ಕೆಳಗೆ ಹೆಂಡತಿ ಮಕ್ಕಳ ಹೆಸರು, ಎದುರಿಗೆ 'ಸ್ಥಳ' ಎಂಬ ಕಾಲಂ. ಬಂಡೆ ಲೈನಿನ ಗಂಡಸರೆಲ್ಲ ದುಡಿದದ್ದು ಭೂಮಿಯೊಳಗೆ, ನೂರು ಅಡಿಗೊಂದರಂತೆ ಎಣಿಸಿದರೆ ಎಪ್ಪತ್ತೆರಡನೇ ಲೆವೆಲ್ಲಿನಲ್ಲಿ. ಆದ್ದರಿಂದ ಸ್ಥಳ: ಲೆವೆಲ್ 72. ಕಾಂತರಾಜ್ ಅದನ್ನೇ ಇಳಿಸಿಕೊಂಡರು. ಎಲ್ಲರ ವಯಸ್ಸಿಗೂ ಕಳೆದುಹೋದ ವರ್ಷಗಳನ್ನು ಕೂಡಿಸಿದರು. ಸತ್ತವರಿಗೂ ಕೂಡಿಸಿದರು. ಸರ್ಕಾರಿ ಕೆಲಸದಲ್ಲಿ ಭೇದಭಾವ ಮಾಡಬಾರದು.

ಇದು ನರಸಮ್ಮನಿಗೆ ಗೊತ್ತಾದದ್ದು ನೀರಿನಿಂದ. ನರಸಮ್ಮ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ಗಣಿ ಕೆಲಸಗಾರ ಕೋದಂಡಪ್ಪನ ವಿಧವೆ. ಲೈನಿಗೆ ಒಂಬತ್ತು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು, ಮನೆಗೆ ಎಂಟು ಬಿಂದಿಗೆ. ಎಂಟು ಬಿಂದಿಗೆಯಲ್ಲಿ ಒಂಬತ್ತು ದಿನ ಕಳೆಯುವ ಲೆಕ್ಕ ಅವಳಿಗೆ ಯಾವತ್ತೂ ಕೂಡಿಬರಲಿಲ್ಲ. ಬೀದಿಗೊಂದು ನಲ್ಲಿ ಕೊಡಿ ಅಂತ ಅರ್ಜಿ ಹಾಕಿದಳು. ಐದನೇ ಅರ್ಜಿಗೆ ಉತ್ತರ ಬಂತು.

"ಪಟ್ಟಿಯ ಪ್ರಕಾರ ತಾವು ವಾಸವಿರುವ ಲೆವೆಲ್ 72 ಸಂಪೂರ್ಣ ಜಲಾವೃತವಾಗಿದ್ದು, ತಲಾವಾರು ನೀರಿನ ಲಭ್ಯತೆಯಲ್ಲಿ ಇಡೀ ಕ್ಷೇತ್ರಕ್ಕೆ ಪ್ರಥಮ ಸ್ಥಾನದಲ್ಲಿರುತ್ತದೆ. ಆದಕಾರಣ ನಲ್ಲಿಯ ಅಗತ್ಯ ಕಂಡುಬರುವುದಿಲ್ಲ. ನೀರನ್ನು ಮಿತವಾಗಿ ಬಳಸತಕ್ಕದ್ದು."

ಪಕ್ಕದ ಮನೆಯ ಸೆಲ್ವಿ, ಮನೆಮಾತು ತಮಿಳಾದರೂ, ಓದಿ ಹೇಳಿದಳು. ಇಬ್ಬರೂ ಅದೇ ಕಾಗದ ಹಿಡಿದು ಪಟ್ಟಿ ಕಚೇರಿಗೆ ಹೋದರು.

"ಎನ್ನ ಸಾರ್ ಇದು?" ಅಂದಳು ಸೆಲ್ವಿ. "ಗಣಿ ಒಳಗೆ ಯಾರು ಸಾರ್ ಸಂಸಾರ ಮಾಡ್ತಾರೆ?"

ಕಾಂತರಾಜ್ ಒಳ್ಳೆಯ ಮನುಷ್ಯ. ಕೂರಲು ಹೇಳಿದರು. "ವಿಳಾಸ ಬದಲಾವಣೆ ಸುಲಭ ಅಮ್ಮಾ. ಹಳೇ ವಿಳಾಸಕ್ಕೆ ಹೋಗಿ, ನೀವು ಅಲ್ಲಿ ಇಲ್ಲ ಅಂತ ನಾನು ಕಣ್ಣಾರೆ ನೋಡಿ ಮಹಜರು ಬರೀಬೇಕು. ಅಷ್ಟೇ."

"ಓಗಿ ನೋಡ್ಕೊಂಡು ಬಾರಪ್ಪಾ, ಮತ್ತೆ," ಅಂದಳು ನರಸಮ್ಮ.

"ಅದು ನೀರಲ್ಲಿ ಮುಳುಗಿದೆಯಲ್ಲಮ್ಮಾ. ನನಗೆ ಈಜು ಬರಲ್ಲ. ಇಲಾಖೆಯಲ್ಲಿ ಯಾರಿಗೂ ಬರಲ್ಲ."

"ನಾನು ಇಲ್ಲೇ ನಿನ್ನ ಕಣ್ಮುಂದೆ ನಿಂತಿವ್ನಲ್ಲಾ!"

"ನಿಂತಿರೋದು ಬೇರೆ, ವಾಸ ಬೇರೆ. ನಾನು ಈಗ ಇಲ್ಲಿ ಕೂತಿದೀನಿ. ಹಾಗಂತ ಕಚೇರಿ ನನ್ನ ಮನೆಯಾ?"

"ನಮ್ಮ ಯಜಮಾನ್ರು ಸತ್ತು ಹನ್ನೊಂದು ವರ್ಸ ಆಯ್ತು. ಅವರ ಎಸರೂ ಐತಲ್ಲಾ ಇದರಾಗೆ?"

ಕಾಂತರಾಜ್ ಪಟ್ಟಿ ನೋಡಿ ಸಂತೋಷಪಟ್ಟರು. "ನಿಮ್ಮ ಪಕ್ಕದಲ್ಲೇ ಇದ್ದಾರೆ, ಎಪ್ಪತ್ತೊಂಬತ್ತು ವರ್ಷ. ಕುಟುಂಬ ಒಡೆಯಬಾರದು ಅಂತ ನಾವು ಎಲ್ಲರನ್ನೂ ಒಂದೇ ಬೂತಿಗೆ ಹಾಕಿದೀವಿ."

ಅಷ್ಟರಲ್ಲಿ ಚುನಾವಣೆ ಬಂತು. ಭೂಮಿಯೊಳಗೆ ನಾನೂರ ಹನ್ನೆರಡು ಓಟುಗಳಿವೆ ಎಂಬ ಸುದ್ದಿ ಪಕ್ಷಗಳಿಗೆ ತಲುಪಿತು. ಬಂಗಾರಪೇಟೆ ಕಡೆಯ ಅಭ್ಯರ್ಥಿ ತಕರಾರು ತೆಗೆದರು: ಗಣಿಯ ಸುರಂಗ ಪಶ್ಚಿಮಕ್ಕೆ ತಿರುಗಿ ತಮ್ಮ ಕ್ಷೇತ್ರದ ರಾಗಿ ಹೊಲದ ಕೆಳಗೆ ನುಗ್ಗಿದೆ, ಹೊಲ ತಮ್ಮದಾದ ಮೇಲೆ ಹೊಲದ ಕೆಳಗಿನ ಮತದಾರರೂ ತಮ್ಮವರೇ. ಈ ಕಡೆಯ ಅಭ್ಯರ್ಥಿ ಸುಬ್ರಮಣಿ ಎದುರು ವಾದ ಹೂಡಿದರು. ಮೂರು ದಿನ ವಿಚಾರಣೆ ನಡೆಯಿತು. ಮತದಾರ ಯಾವ ಕ್ಷೇತ್ರದ ಗಣಿ ಬಾಯಿಂದ ಇಳಿದನೋ ಆ ಕ್ಷೇತ್ರದವನೇ ಎಂದು ಆದೇಶವಾಯಿತು. ಸುಬ್ರಮಣಿ ಪಟಾಕಿ ಹೊಡೆಸಿದರು. ಮತದಾರರು ಭೂಮಿಯೊಳಗೆ ಏಕೆ ಇದ್ದಾರೆ ಎಂಬ ಪ್ರಶ್ನೆ ವಿಚಾರಣೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಮುಂದಿನ ತೊಡಕು ದೂರದ್ದು. ಮತಗಟ್ಟೆ ಮತದಾರನಿಂದ ಎರಡು ಕಿಲೋಮೀಟರ್ ಒಳಗಿರಬೇಕು ಎಂಬುದು ಕಚೇರಿಯ ನಿಯಮ. ಲೆವೆಲ್ 72 ನೆಲದಿಂದ ಎರಡು ಕಿಲೋಮೀಟರ್ ನೂರ ತೊಂಬತ್ತೈದು ಮೀಟರ್ ಕೆಳಗಿತ್ತು. ಆ ನೂರ ತೊಂಬತ್ತೈದು ಮೀಟರಿನಷ್ಟು ಅನ್ಯಾಯವನ್ನು ಪ್ರಜಾಪ್ರಭುತ್ವ ಸಹಿಸುವುದಿಲ್ಲ. ಆದ್ದರಿಂದ ಮತಗಟ್ಟೆಯನ್ನು ಗಣಿಗೆ ಇಳಿಯುವ ಹಳೇ ಬಾವಿ, ಅಂದರೆ ಶಾಫ್ಟಿನೊಳಗೆ ಇಳಿಬಿಡಲು ಆದೇಶವಾಯಿತು. ಸಿಬ್ಬಂದಿ ಇಳಿಯಲು ಒಪ್ಪಲಿಲ್ಲ. ಮತಯಂತ್ರ ಒಪ್ಪಿತು.

ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಯಂತ್ರವನ್ನು ಕಬ್ಬಿಣದ ಬಕೆಟ್ಟಿನಲ್ಲಿಟ್ಟು, ಪೂಜೆ ಮಾಡಿ, ಹಗ್ಗದಲ್ಲಿ ಇಳಿಸಿದರು. ಸಂಜೆ ಆರಕ್ಕೆ ಮೇಲೆತ್ತಿದರು. ನಾನೂರ ಹನ್ನೆರಡಕ್ಕೆ ನಾನೂರ ಹನ್ನೆರಡೂ ಬಿದ್ದಿದ್ದವು. "ಮತದಾನ ಶಾಂತಿಯುತವಾಗಿತ್ತು, ಕೂಗಾಟ ಇರಲಿಲ್ಲ, ಮತದಾರರು ಬಿಸಿಲಿನಿಂದ ಬಳಲಲಿಲ್ಲ" ಎಂದು ವರದಿಯಾಯಿತು.

ನರಸಮ್ಮ ಅಂದು ಎಂಟು ಗಂಟೆಗೇ ಗುರುತಿನ ಚೀಟಿ ಹಿಡಿದು ಶಾಫ್ಟಿನ ಬಾಯಿಗೆ ಹೋಗಿದ್ದಳು. ಕಾಂತರಾಜ್ ಕೈಮುಗಿದರು. "ನಿಮ್ಮ ಓಟು ಕೆಳಗೆ ಆಗಿಹೋಗಿದೆ ಅಮ್ಮಾ."

ಅವಳು ಬೆರಳು ತೋರಿಸಿದಳು. "ಶಾಯಿ ಎಲ್ಲಪ್ಪಾ?"

"ನೀರಲ್ಲವಾ ಅಮ್ಮಾ, ತೊಳೆದುಹೋಗಿರುತ್ತೆ."

"ನಮ್ಮ ಯಜಮಾನ್ರುದೂ ಆಯ್ತಾ?"

"ಮೊದಲು ಅವರದ್ದೇ ಆದದ್ದು."

ನರಸಮ್ಮ ಆ ಕತ್ತಲ ಬಾಯಿಯೊಳಕ್ಕೆ ಬಗ್ಗಿ ನೋಡಿದಳು. "ಬದುಕಿದ್ದಾಗ ಇದರೊಳಗೆ ಇಳಿಸಿ ದೂಳು ಕುಡಿಸಿದ್ರಿ. ಸತ್ತ ಮ್ಯಾಲೂ ಇಳಿಸ್ತೀರಲ್ಲೋ," ಅಂದಳು. ಕಾಂತರಾಜ್ ಇದನ್ನು ದಾಖಲಿಸಿಕೊಳ್ಳಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲ.

ಸುಬ್ರಮಣಿ ನಾನೂರ ಒಂಬತ್ತು ಮತಗಳಿಂದ ಗೆದ್ದರು. ಮರುವಾರ ಹಾರ ಹಾಕಿಕೊಂಡು ಬಂದು, ಮೈಕನ್ನು ಶಾಫ್ಟಿನೊಳಕ್ಕೆ ತಿರುಗಿಸಿ, "ನನ್ನ ಪ್ರೀತಿಯ ಮತದಾರ ಬಂಧುಗಳೇ" ಎಂದು ಕೂಗಿದರು. ಬಂಧುಗಳೇ, ಬಂಧುಗಳೇ ಎಂದು ಒಳಗಿಂದ ಮೂರು ಸಲ ಕೇಳಿಸಿತು. ಜನಬೆಂಬಲ ಎಂದರೆ ಇದು ಎಂದು ಸುಬ್ರಮಣಿ ಕಣ್ಣೊರೆಸಿಕೊಂಡರು.

ಅವರು ಮಾತಿಗೆ ತಪ್ಪುವವರಲ್ಲ. ಆರು ತಿಂಗಳಲ್ಲಿ ಶಾಫ್ಟಿನ ಪಕ್ಕ ಬೋರ್ಡು ಎದ್ದಿತು: ಲೆವೆಲ್ 72ಕ್ಕೆ ಕಾಂಕ್ರೀಟ್ ರಸ್ತೆ, ಬೀದಿ ದೀಪ, ಚರಂಡಿ, ಅಂಗನವಾಡಿ. ಎಲ್ಲವೂ ಪೂರ್ಣ. ಕೊನೆಯ ಸಾಲು: ನಲ್ಲಿ, ಒಂದು, ಅರ್ಜಿದಾರರು ಶ್ರೀಮತಿ ನರಸಮ್ಮ, ಪೂರ್ಣ. ಸ್ಥಳ ಪರಿಶೀಲನೆಗೆ ಯಾರೂ ಇಳಿಯಲಿಲ್ಲ. ಈಜು ಬರುವವರ ನೇಮಕಾತಿಗೆ ಪ್ರಸ್ತಾವನೆ ಹೋಗಿದೆ.

ಬೋರ್ಡು ನೋಡಿದ ಸುತ್ತಲಿನವರ ಹೊಟ್ಟೆ ಉರಿಯಿತು. ಬೂದಿಕೋಟೆಯಿಂದ ಬಸ್ಸು ಹಿಡಿದು ಬಂದು ಜನ ಕಾಂತರಾಜ್ ಅವರ ಮುಂದೆ ಸಾಲು ನಿಂತರು. "ಸಾರ್, ನಮ್ಮೂರನ್ನೂ ಕೆಳಕ್ಕೆ ಆಕಿ ಸಾರ್. ಎಪ್ಪತ್ತೆರಡೇ ಬೇಕು ಅಂತಿಲ್ಲ, ಮೂವತ್ತನೇ ಲೆವೆಲ್ ಆದ್ರೂ ಸಾಕು." ಕಚೇರಿ ಅದಕ್ಕೆಂದೇ ಹೊಸ ನಮೂನೆ ಅಚ್ಚು ಹಾಕಿಸಿತು. ಸೆಲ್ವಿ ಕೂಡ ಬಾಗಿಲ ಮೇಲೆ 'ಲೆವೆಲ್ 72, ಮನೆ ನಂಬರ್ 31' ಅಂತ ಬರೆಸಿದಳು.

"ಏನೇ ಇದು ಸೆಲ್ವಿ, ನೀನೂನಾ?" ಅಂದಳು ನರಸಮ್ಮ.

"ಎನ್ನ ಮಾಡೋದು ಅಕ್ಕಾ, ಇಲ್ಲಾಂದ್ರೆ ಪೋಸ್ಟ್‌ಮ್ಯಾನ್‌ಗೆ ಗೊಂದಲ ಆಗ್ತದೆ."

ಮರುದಿನ ನರಸಮ್ಮ ಸೊಪ್ಪಿನ ಬುಟ್ಟಿ ಮನೆಯಲ್ಲೇ ಬಿಟ್ಟು, ತನ್ನ ಹಸಿರು ಪ್ಲಾಸ್ಟಿಕ್ ಬಿಂದಿಗೆ ತಂದು ಕಾಂತರಾಜ್ ಅವರ ಮೇಜಿನ ಮೇಲೆ, ಫೈಲುಗಳ ನಡುವೆ ಇಟ್ಟಳು.

"ಏನಮ್ಮಾ ಇದು?"

"ನನ್ನ ನಲ್ಲಿ ಪೂರ್ಣ ಆಗೈತಂತಲ್ಲಾ. ತುಂಬ್ಸಿ ಕೊಡು. ತುಂಬೋ ತನಕ ಇಲ್ಲಿಂದ ಎತ್ತಲ್ಲ."

ಕಾಂತರಾಜ್ ಯೋಚಿಸಿ ಅದಕ್ಕೊಂದು ಚೀಟಿ ಅಂಟಿಸಿದರು. ಆಕ್ಷೇಪಣೆ ಸಂಖ್ಯೆ: ಒಂದು. ಬಣ್ಣ: ಹಸಿರು. ಒಳಗಿರುವುದು: ಏನೂ ಇಲ್ಲ. ಆಮೇಲೆ ಪಕ್ಕದ ಗುಮಾಸ್ತನಿಗೆ ಮೆಲ್ಲಗೆ ಹೇಳಿದರು, "ಒಂದೇ ಅಲ್ವಾ, ಇರಲಿ ಬಿಡು. ನಾನೂರೂ ಬಂದ್ರೆ ಕಷ್ಟ. ಕೂರೋಕೂ ಜಾಗ ಇರಲ್ಲ, ಪಟ್ಟಿನೇ ಹೊಸದಾಗಿ ಬರೀಬೇಕಾಗುತ್ತೆ."

ನರಸಮ್ಮನ ಕಿವಿ ಚುರುಕು.

ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಶುಕ್ರವಾರ, ಸಂಜೆ ಐದು ಗಂಟೆ. ಇದನ್ನು ಓದಿ ನಗುತ್ತಿದ್ದೀರಲ್ಲ, ನೀವು ಯಾವ ಲೈನಿನವರಾದರೂ ಸರಿ, ಯಾವ ಹೋಬಳಿಯವರಾದರೂ ಸರಿ, ಮೊದಲು ಪಟ್ಟಿ ತೆಗೆಸಿ ನಿಮ್ಮ ಹೆಸರು ಎಷ್ಟು ಅಡಿ ಕೆಳಗಿದೆ ನೋಡಿ. ಆಮೇಲೆ ಬಿಂದಿಗೆ ಎತ್ತಿಕೊಂಡು ರಾಬರ್ಟ್‌ಸನ್‌ಪೇಟೆಯ ಪಟ್ಟಿ ಕಚೇರಿಗೆ ಬನ್ನಿ. ಖಾಲಿ ಬಿಂದಿಗೆಯನ್ನೇ ತನ್ನಿ. ಹಸಿರು ಬಿಂದಿಗೆಯ ಪಕ್ಕದಲ್ಲಿ ಇಡಿ. ಎತ್ತಬೇಡಿ.