ಶಟರ್ ಕೆಳಗಿನ ಕಾಲುಗಳು

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಗೋಣಿಬೀಡಿನಲ್ಲಿ ನನ್ನ ಸೋದರಮಾವ ತಮ್ಮ ದಿನಸಿ ಅಂಗಡಿಯ ಶಟರನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದರು. ಅಂದಿನಿಂದ ನನ್ನ ಅತ್ತೆಗೆ ಪ್ರಪಂಚದಲ್ಲಿ ಕಾಣಬೇಕಾದ್ದು ಮಾತ್ರ ಕಾಣತೊಡಗಿತು. ಏನು? ಕಾಲು!

ಅತ್ತೆ ಯಾರ ಮುಖವನ್ನೂ ಮೊದಲು ನೋಡಿದವರಲ್ಲ. ಹೆಣ್ಣು ನೋಡಲು ಬಂದ ಮಾವನನ್ನೂ ಕಾಲು ನೋಡಿಯೇ ಒಪ್ಪಿಕೊಂಡರಂತೆ. ನೆಂಟರು ಅದನ್ನು ನಾಚಿಕೆ ಎಂದುಕೊಂಡರು. ನಾಚಿಕೆಯಲ್ಲ, ತಪಾಸಣೆ! ದೆವ್ವಕ್ಕೆ ಹಿಮ್ಮಡಿ ಮುಂದಿರುತ್ತದೆ, ಅದರ ಪಾದ ನೆಲಕ್ಕೆ ತಾಗುವುದಿಲ್ಲ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದರು. ಶಾಲೆಯಲ್ಲಿ ಕಲಿತದ್ದನ್ನೆಲ್ಲ ಮರೆತ ಅತ್ತೆ ಅದೊಂದನ್ನು ಮರೆಯಲಿಲ್ಲ.

ಬಸ್ಸು ನಿಂತದ್ದರಿಂದ ನಾನು ಅವರ ಮನೆಯಲ್ಲೇ ಉಳಿದೆ. ಅತ್ತೆಗೆ ವಯಸ್ಸಾಗಿದೆ, ಶುಗರ್ ಬೇರೆ. ಅಂಥವರು ಜನರ ಹತ್ತಿರ ಸುಳಿಯಬಾರದೆಂದು ಮಾವ ಅವರನ್ನು ಅಕ್ಕಿಮೂಟೆಗಳ ಹಿಂದೆ ಕೂರಿಸಿದ್ದರು. ರಸ್ತೆಯಲ್ಲಿ ಒಂದು ಜೀಪಿನ ಸದ್ದೂ ಇರಲಿಲ್ಲ. ಮಳೆ ಹಿಡಿದ ಮೇಲಂತೂ ಮಂಜಿನೊಳಗಿಂದ ಯಾರು ಬರುತ್ತಿದ್ದಾರೆಂದು ಕೇಳಿಸುತ್ತಲೂ ಇರಲಿಲ್ಲ. ಶಟರ್ ಕೆಳಗೆ ಒಮ್ಮೆಗೇ ಎರಡು ಕಾಲು ನಿಂತಿರುತ್ತಿದ್ದವು, ಅಷ್ಟೆ.

"ಬಾಳೂರಿನ ಮೇಸ್ತ್ರಿ. ಬೆಲ್ಲ ಕೇಳ್ತಾನೆ ನೋಡಿ," ಎಂದು ಮೂಟೆಗಳ ಹಿಂದಿನಿಂದ ಪಿಸುದನಿ ಬರುತ್ತಿತ್ತು.

"ಅಣ್ಣಾ, ಬೆಲ್ಲ ಇದ್ಯಾ?" ಎಂದು ಹೊರಗಿನಿಂದ ಮಾಸ್ಕಿನ ದನಿ.

ಅಂಗಡಿ ಮುಚ್ಚಿಸಲು ಬಂದ ಪೊಲೀಸಿನವನನ್ನೂ ಅತ್ತೆ ಬಿಡಲಿಲ್ಲ.

"ಬೂಟು ಬಿಚ್ಚಿ."

"ಎಂತಕ್ಕಮ್ಮಾ?"

"ಒಳಗೆ ಹಿಮ್ಮಡಿ ಯಾವ ಕಡೆ ಇದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ನಂದು ಹಿಂದೇನೇ ಇದೆಯಮ್ಮಾ!" ಎಂದವನು ಬಂದ ಕೆಲಸ ಮರೆತು ಹೊರಟೇ ಹೋದ.

ಒಂದು ಬೆಳಿಗ್ಗೆ ಅದೇ ಮೇಸ್ತ್ರಿಯ ಕಾಲು ಬಂದು ನಿಂತಿತು. ಮಾತಿಲ್ಲ. ಮಾವ ಎಷ್ಟು ಕೂಗಿದರೂ ಉತ್ತರವಿಲ್ಲ. ಕಾಲು ಕದಲಲೂ ಇಲ್ಲ.

"ಕಾಲು ಅವಂದೇ ರೀ," ಅತ್ತೆ ಅಂದರು. "ಅವನು ಒಳಗಿಲ್ಲ."

ಶಟರ್ ಎತ್ತಿದರೆ ಮೇಸ್ತ್ರಿ ಜ್ವರದಲ್ಲಿ ಬೆಂದು, ತಾನೆಲ್ಲಿದ್ದೇನೆಂಬ ಅರಿವಿಲ್ಲದೆ ನಿಂತಿದ್ದ! ಆಂಬುಲೆನ್ಸ್ ಬಂದು ಕರೆದೊಯ್ದಿತು. ಅವನು ಗುಣವಾಗಿ ಬಂದ, ಅದು ಆಮೇಲಿನ ಮಾತು. ಮರುದಿನ ನಮ್ಮನ್ನು ಪರೀಕ್ಷಿಸಲು ನರ್ಸ್ ಒಬ್ಬರು ಅಂಗಳಕ್ಕೆ ಬಂದರು. ತಲೆಯಿಂದ ಪಾದದವರೆಗೆ ಬಿಳಿ ಕವಚ.

"ಬಾಗಿಲು ತೆಗೀಬೇಡಿ ರೀ! ಇದಕ್ಕೆ ಕಾಲೇ ಇಲ್ಲ!"

ನರ್ಸ್ ನಗುತ್ತ ದೂರದಲ್ಲೇ ನಿಂತು ಕಾಲಿನ ಚೀಲ ಕಳಚಿದರು. "ನೋಡಿ ಅಮ್ಮಾ, ಐದೈದು ಬೆರಳು. ಸಾಕಾ?"

ನಮಗ್ಯಾರಿಗೂ ಸೋಂಕಿರಲಿಲ್ಲ. ಆದರೆ ಅತ್ತೆಗೆ ಶುಗರ್ ಎಂದು ತಿಳಿದ ನರ್ಸ್ ಹೊರಡುವ ಮುಂಚೆ ಗದರಿದರು. "ಡಾಕ್ಟ್ರನ್ನ ಕೇಳದೆ ಮಾತ್ರೆ ನಿಲ್ಲಿಸಬಾರದು. ಮುಗಿಯೋಕೆ ಮುಂಚೇನೇ ತರಿಸಿಟ್ಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮನೆಯೊಳಗೂ ಚಪ್ಪಲಿ ಹಾಕಿ. ಊರವರ ಕಾಲು ನೋಡಿದ್ದು ಸಾಕು, ದಿನಾ ಬೆಳಿಗ್ಗೆ ನಿಮ್ಮ ಕಾಲು ನೋಡ್ಕೊಳ್ಳಿ. ಬಗ್ಗಕ್ಕಾಗದಿದ್ರೆ ಎದುರಿಗೆ ಕನ್ನಡಿ ಇಟ್ಕೊಂಡು ಅಂಗಾಲು ನೋಡಿ."

ಊರಿನ ಕಾಲನ್ನೆಲ್ಲ ನೋಡಿದವರು ತನ್ನ ಕಾಲು ನೋಡುವುದನ್ನು ನಾಳೆ, ನಾಡಿದ್ದು ಎಂದು ಮುಂದೂಡುತ್ತಲೇ ಬಂದರು. ಕೊನೆಗೆ ಮಾವನೇ ಕನ್ನಡಿಯನ್ನು ಗೋಡೆಗೆ ಒರಗಿಸಿ, ಅವರನ್ನು ಎದುರಿಗೆ ಕೂರಿಸಿದರು. ಅತ್ತೆ ಕಾಲು ಚಾಚಿದರು. ಕನ್ನಡಿಯೊಳಗಿನ ಕಾಲಿನ ಬೆರಳುಗಳು ಅವರ ಕಡೆಗೇ ತಿರುಗಿದ್ದವು!

"ತಿರುಗಿದೆ! ನನ್ನ ಕಾಲು ತಿರುಗಿದೆ ರೀ!"

"ಕನ್ನಡಿ ಕಣೇ ಮಾರಾಯ್ತಿ. ಎಲ್ಲರದ್ದೂ ಹಂಗೇ ಕಾಣೋದು," ಎಂದು ಮಾವ ತಮ್ಮ ಕಾಲನ್ನೂ ಚಾಚಿದರು. ನಾನೂ ಚಾಚಿದೆ. ಲೆಕ್ಕಕ್ಕೆ ಮೂವರೂ ದೆವ್ವಗಳೇ! ನಾವಿಬ್ಬರು ನಕ್ಕೆವು. ಅತ್ತೆ ನಗಲಿಲ್ಲ.

"ನಿಮ್ದು ಕನ್ನಡೀಲಿ ಮಾತ್ರ," ಎಂದರು. "ನಂಗೆ ನೆಲ ತಾಗೋದು ನಿಂತು ಎಷ್ಟೋ ದಿನ ಆಯ್ತು. ಹತ್ತಿ ಮೇಲೆ ನಡೆದಂಗೆ. ಕಣ್ಣು ಮುಚ್ಚಿದ್ರೆ ಕಾಲೇ ಇಲ್ಲ. ನಾನು ಯಾವಾಗ ಸತ್ತೆ ಅಂತ ಗೊತ್ತಾಗ್ತಿಲ್ಲ ರೀ. ಈಚೆಗೆ ನನ್ನಂಗೆ ಇನ್ನೊಬ್ರು ಸಿಗ್ತಾರಾ ಅಂತಾನೇ ಎಲ್ಲರ ಕಾಲು ನೋಡ್ತಿದ್ದೆ."

ಮಾವ ಬಗ್ಗಿ ಅವರ ಅಂಗಾಲನ್ನು ಬೆಳಕಿಗೆ ತಿರುಗಿಸಿದರು. ಕೆಂಪಾಗಿ ಊದಿಕೊಂಡಿತ್ತು. ನಡುವೆ, ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ಹೊಡೆಯುವ ದಪ್ಪ ಪಿನ್ನು ಮಾಂಸದೊಳಗೆ ಇಳಿದಿತ್ತು. ಯಾವಾಗ ಚುಚ್ಚಿತೋ ಅತ್ತೆಗೆ ತಿಳಿಯದು. ಅದರ ಮೇಲೇ ನಡೆದಾಡಿಕೊಂಡಿದ್ದರು.

ಪರಿಚಯದವರ ಜೀಪು ಹಿಡಿದು ಮೂಡಿಗೆರೆಗೆ ಓಡಿದೆವು. ಇನ್ನೂ ತಡವಾಗಿದ್ದರೆ ಪಾದವನ್ನು ಉಳಿಸಿಕೊಳ್ಳಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ಪಿನ್ನು ಕೀಳುತ್ತ, "ನೋವಾಗ್ತಿದೆಯಾ ಅಮ್ಮಾ?" ಎಂದು ಕೇಳಿದರು.

ಅತ್ತೆ ಕಿಟಕಿಯಾಚೆಯ ಮಂಜನ್ನು ನೋಡುತ್ತಿದ್ದರು. "ಯಾರಿಗೆ?" ಎಂದರು.

ಗಾಯ ಮಾಗಿತು. ಪಾದ ಉಳಿಯಿತು. ಸ್ಪರ್ಶ ಮರಳಿಲ್ಲ, ಮರಳುವ ಭರವಸೆಯನ್ನು ಡಾಕ್ಟರು ಕೊಟ್ಟಿಲ್ಲ. ಬೆಳಗಿನ ಹೊತ್ತು ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳ ಸಂದಿ ಒರೆಸಿ ನೋಡುವುದು ಈಗ ಮಾವನ ಕೆಲಸ. ಆಮೇಲೆ ಇಬ್ಬರೂ ಹಿತ್ತಲಲ್ಲಿ ನಡೆಯುತ್ತಾರೆ. ಅತ್ತೆಯ ಕಾಲಿಗೆ ಮೆತ್ತನೆಯ ಚಪ್ಪಲಿ. ಮಾವ ಬರಿಗಾಲಲ್ಲಿ ಒಂದು ಹೆಜ್ಜೆ ಮುಂದೆ.

"ಈಗ ಜಲ್ಲಿ ಕಣೇ. ಚುಚ್ಚುತ್ತೆ."

"ಹ್ಞೂಂ."

"ಈಗ ಹುಲ್ಲು. ಒದ್ದೆ."

ಕಳೆದ ವಾರ ನಾನು ಹೋದಾಗಲೂ ನಡೆಯುತ್ತಿದ್ದರು. ಬಾವಿಯ ಹತ್ತಿರದ ಕಲ್ಲುಚಪ್ಪಡಿಯ ಮೇಲೆ ಮಾವ ನಿಂತರು. "ಅಬ್ಬಾ, ಏನು ತಣ್ಣಗಿದೆ!" ಎಂದರು.

ಹಿಂದಿದ್ದ ಅತ್ತೆ ಸೆರಗು ಎಳೆದು ಹೊದ್ದುಕೊಂಡರು.